ಜಲಾಭಿಷಿಕ್ತ ಪಾಸ್‌ಪೋರ್ಟು

ಮಳೆಗಾಗಿ ಮುಗಿಲನ್ನೇ ನಿರೀಕ್ಷಿಸುವ ಹೊಳಲ್ಕೆರೆ ಸೀಮೆಯ ತಾಳ್ಯದಲ್ಲಿ, ದುಬೈಯಲ್ಲಿರುವ ಮಗಳನ್ನು ಕಾಣಹೊರಟ ಮಾವನವರ ಪಾಸ್‌ಪೋರ್ಟು, ಸೋರುವ ಮಣ್ಣಿನ ಮಾಳಿಗೆಯ ಕೃಪೆಯಿಂದ ಜಲಾಭಿಷಿಕ್ತವಾಗಿ, ಭಾವಚಿತ್ರದ ಮೀಸೆಯು ಗಲ್ಲದವರೆಗೆ ಪ್ರವಹಿಸಿದ್ದಿತು.

“ಬಿಸಿಲಿಗೆ ಹರವಿದರೆ ಸಾಲದೆ, ಅಳಿಯಂದಿರೇ?”

“ಹಾಳೆಯೇನೋ ಒಣಗೀತು, ಮಾವನವರೇ, ಆದರೆ ಯಂತ್ರವು ಓದತಕ್ಕ ಕೆಳಗಿನ ಎರಡು ಸಾಲುಗಳ ತಲಾ 44 ಚಿಹ್ನೆಗಳು ಕದಡಿದರೆ, ವಿಮಾನ ನಿಲ್ದಾಣದಲ್ಲಿಯೇ ತಮ್ಮನ್ನು ತಡೆದಾರು. ಹೊಸದನ್ನು ಮಾಡಿಸುವುದೇ ಲೇಸು.”

“ವೆಚ್ಚ?”

“ಅವಧಿ ತೀರಿದುದಕ್ಕೆ 1500 ರೂಪಾಯಿ, ಕೆಟ್ಟುದಕ್ಕೆ 3000.”

“ಮಳೆರಾಯನ ಅಪರಾಧಕ್ಕೆ ನನಗೆ ದಂಡವೆ! ನನ್ನ ಪುಸ್ತಕವಲ್ಲವೆ ಅದು?”

“ಅಲ್ಲ. 1967ರ ಕಾಯಿದೆಯ 17ನೆಯ ಕಲಮಿನಂತೆ ಅದು ಕೇಂದ್ರ ಸರ್ಕಾರದ ಸ್ವತ್ತು.”

ಮಾವನವರ ಮುಖದಲ್ಲಿ, ಗ್ರಾಮಪಂಚಾಯಿತಿಯೇ ಅಂಜುವಂಥ ಪ್ರಸನ್ನತೆ ಮೂಡಿತು.

“ಹಾಗಾದರೆ, ಸರ್ಕಾರದ ಸ್ವತ್ತು ನೆನೆಯದಂತೆ ಮಾಳಿಗೆಯ ದುರಸ್ತಿಗೆ ಅನುದಾನ ಬೇಡಿ, ಮೊದಲು ಒಂದು ಅರ್ಜಿ ಬರೆಯಿರಿ.”