ಶ್ವಾನ–ಶಕಟ ಮೀಮಾಂಸೆ

ಆಶ್ರಮಗಳು ನಾಲ್ಕೆಂದು ನಮ್ಮ ಹಿರಿಯರು ಎಣಿಸಿಟ್ಟು ಹೋದರು. ಅವುಗಳಲ್ಲಿ ಮೂರನೆಯದಾದ ವಾನಪ್ರಸ್ಥ ನಮ್ಮಲ್ಲಿ ಯಾವಾಗಲೋ ಕಣ್ಮರೆಯಾಯಿತು. ನಿವೃತ್ತರು ಈಗ ಕಾಡಿಗೆ ಹೋಗುವುದಿಲ್ಲ; ಮೊಮ್ಮಗುವನ್ನು ಶಾಲೆಯ ಬಸ್ಸು ಹತ್ತಿಸಲು ಗೇಟಿನವರೆಗೆ ಹೋಗುತ್ತಾರೆ. ಹೀಗೆ ಇಲ್ಲಿ ಲುಪ್ತವಾದ ಆಶ್ರಮ ಇಂಗ್ಲೆಂಡಿನಲ್ಲಿ ಇನ್ನೂ ಜೀವಂತವಾಗಿದೆ, ಸಾಲದ್ದಕ್ಕೆ ಅದಕ್ಕೆ ಚಕ್ರಗಳೂ ಮೂಡಿವೆ ಎಂಬುದನ್ನು ಸಪ್ರಮಾಣವಾಗಿ ಸಾಧಿಸುವುದೇ ಪ್ರಕೃತ ಪ್ರಬಂಧದ ಉದ್ದೇಶ. 66 ದಾಟಿ 67ರತ್ತ ಸರಿಯುತ್ತಿರುವ ಸರ್ಕಾರಿ ಪಿಂಚಣಿಯ ವಯಸ್ಸು ಮುಟ್ಟಿದ ಆ ದೇಶದ ದಂಪತಿ, ಕ್ಯಾರವಾನ್ ಎಂಬ ಗಾಲಿಮನೆಯನ್ನು ಕಾರಿನ ಹಿಂದೆ ಸಿಕ್ಕಿಸಿ, ಒಂದೆರಡು ನಾಯಿಗಳನ್ನು ಹತ್ತಿಸಿಕೊಂಡು ಊರು ಬಿಡುತ್ತಾರೆ. ಯಾರು ಯಾರನ್ನು ಹತ್ತಿಸಿಕೊಂಡರು ಎಂಬುದೇ ಈ ಶಾಸ್ತ್ರದ ಮುಖ್ಯ ವಿವಾದ.

ಈ ಶಾಸ್ತ್ರಕ್ಕೆ ಮೂಲಗ್ರಂಥ ದೊರೆತಿಲ್ಲ. ಆದ್ದರಿಂದ ಸೂತ್ರಗಳನ್ನು ನಾವೇ ರಚಿಸಿ, ಭಾಷ್ಯವನ್ನೂ ನಾವೇ ಬರೆದು, ಆಕ್ಷೇಪಗಳನ್ನು ನಾವೇ ಎತ್ತಿ ನಾವೇ ಖಂಡಿಸಿದ್ದೇವೆ. ವಿದ್ವತ್ ಲೋಕದಲ್ಲಿ ಇದು ಹೊಸ ಪದ್ಧತಿಯೇನಲ್ಲ.

ಸೂತ್ರ: ಮೂಲಪುರುಷನ ಮಗ್ಗುಲಲ್ಲಿ ನಾಯಿ ಮಲಗಿತ್ತು.

ಭಾಷ್ಯ: ಮೂಲಪುರುಷನೆಂದರೆ ವಿಲಿಯಂ ಗಾರ್ಡನ್ ಸ್ಟೇಬಲ್ಸ್. ಸ್ಕಾಟ್ಲೆಂಡಿನವನು, ಬ್ರಿಟಿಷ್ ನೌಕಾಪಡೆಯಿಂದ ನಿವೃತ್ತನಾದ ವೈದ್ಯ, ಹುಡುಗರಿಗಾಗಿ ಸಾಹಸ ಕಥೆ ಬರೆದು ಹೆಸರಾದವನು, ನಾಯಿಗಳ ಬಗ್ಗೆಯೂ ಬರೆದವನು. 1885ರಲ್ಲಿ ಈತ ಬ್ರಿಸ್ಟಲ್ ನಗರದ ವ್ಯಾಗನ್ ಕಾರ್ಖಾನೆಯೊಂದರಲ್ಲಿ 'ವಾಂಡರರ್' ಎಂಬ ಬಂಡಿ ಮಾಡಿಸಿದ. ಹತ್ತಿರ ಹತ್ತಿರ ಎರಡು ಟನ್ ತೂಕ, ಎಳೆಯಲು ಎರಡು ಕುದುರೆ. ಹೊಟ್ಟೆಪಾಡಿಗಲ್ಲದೆ ಬರೀ ವಿಹಾರಕ್ಕೆಂದೇ ಕಟ್ಟಿಸಿದ ಮೊದಲ ಕ್ಯಾರವಾನ್ ಇದೆಂದು ಇತಿಹಾಸಕಾರರ ಎಣಿಕೆ. ಬರ್ಕ್‌ಷೈರಿನ ಟ್ವೈಫರ್ಡ್ ಎಂಬ ಊರಿಂದ ಹೊರಟು ಸ್ಕಾಟ್ಲೆಂಡಿನ ಇನ್ವರ್‌ನೆಸ್‌ವರೆಗೆ ಹೋದ ಈತನ ಪರಿವಾರದಲ್ಲಿ ಒಬ್ಬ ಸಾರಥಿ, ಒಬ್ಬ ಪರಿಚಾರಕ, ಒಂದು ಗಿಣಿ ಮತ್ತು 'ಹರಿಕೇನ್ ಬಾಬ್' ಎಂಬ ನ್ಯೂಫೌಂಡ್‌ಲ್ಯಾಂಡ್ ತಳಿಯ ಭಾರೀ ನಾಯಿ ಇದ್ದವು. ಎದುರಿನಿಂದ ಬರುವವರನ್ನು ಎಚ್ಚರಿಸಲು ಪರಿಚಾರಕ ಮೂರು ಗಾಲಿಯ ಸೈಕಲ್ಲಿನಲ್ಲಿ ಮುಂದೆ ಮುಂದೆ ಹೋಗುತ್ತಿದ್ದ. ಈ ಪರಿಚಾರಕನ ಹುದ್ದೆ ಇಂದು ಹೆಂಡತಿಗೆ ಬಂದಿದೆ. ಅದರ ವಿಚಾರ ಮುಂದೆ ಬರುತ್ತದೆ. ಗಿಣಿ ಕಾಲಕ್ರಮದಲ್ಲಿ ಪರಂಪರೆಯಿಂದ ಬಿದ್ದುಹೋಯಿತು. ಹೇಳಿದ್ದನ್ನೇ ಹೇಳುವ ಅದರ ಕೆಲಸವನ್ನು ಕಾರಿನ ಜಿಪಿಎಸ್ ಲೋಪವಿಲ್ಲದೆ ನಡೆಸಿಕೊಂಡು ಬರುತ್ತಿದೆ. ನಾಯಿ ಮಾತ್ರ ಬಿದ್ದುಹೋಗಲಿಲ್ಲ. ಇದು ಗಮನಾರ್ಹ.

1907ರಲ್ಲಿ ಕ್ಯಾರವಾನ್ ಕ್ಲಬ್ ಹುಟ್ಟಿತು. ಸ್ಟೇಬಲ್ಸ್ ಅದರ ಉಪಾಧ್ಯಕ್ಷನಾದ. ಮರುವರ್ಷವೇ ಕೆನೆತ್ ಗ್ರಹಾಮ್ ತನ್ನ ಪ್ರಸಿದ್ಧ ಮಕ್ಕಳ ಕಾದಂಬರಿಯಲ್ಲಿ ಒಂದು ಶ್ರೀಮಂತ ನೆಲಗಪ್ಪೆಯನ್ನು ಕ್ಯಾರವಾನ್ ಹತ್ತಿಸಿ, ಮೋಟಾರು ಕಾರೊಂದರ ರಭಸಕ್ಕೆ ಅದನ್ನು ಹಳ್ಳಕ್ಕೆ ಉರುಳಿಸಿದ. ಕಾರಿಗೂ ಕ್ಯಾರವಾನಿಗೂ ಹೀಗೆ ಹುಟ್ಟಿದ ವೈರ 1919ರವರೆಗೆ ನಡೆದು, ಆ ವರ್ಷ ಎಕ್ಲ್ಸ್ ಎಂಬ ಕಂಪನಿ ಕಾರಿನ ಹಿಂದೆಯೇ ಕಟ್ಟಬಹುದಾದ ಕ್ಯಾರವಾನನ್ನು ಮಾರಾಟಕ್ಕಿಟ್ಟಾಗ ರಾಜಿಯಾಯಿತು. ಕುದುರೆಗಳು ಶಾಸ್ತ್ರದಿಂದ ಹೊರಬಿದ್ದವು. ನಾಯಿ ಆಗಲೂ ಉಳಿಯಿತು.

ಸೂತ್ರ: ಚಲಿಸಬಲ್ಲದ್ದು ಶಕಟ, ಚಲಿಸಲೇಬೇಕೆಂದಿಲ್ಲ.

ಭಾಷ್ಯ: ಇದು ನಮ್ಮ ಕಲ್ಪನೆಯಲ್ಲ, ಬ್ರಿಟಿಷ್ ಪಾರ್ಲಿಮೆಂಟಿನದು. 1960ರ ಕ್ಯಾರವಾನ್ ನಿವೇಶನ ಕಾಯಿದೆಯ ಪ್ರಕಾರ, ಮನುಷ್ಯರ ವಾಸಕ್ಕೆಂದು ರಚಿಸಿದ, ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಲು ಸಾಧ್ಯವಿರುವ ರಚನೆಯೇ ಕ್ಯಾರವಾನ್. ಸಾಗಿಸಲು ಸಾಧ್ಯವಿದ್ದರೆ ಸಾಕು, ಸಾಗಿಸಬೇಕಿಲ್ಲ. ಇದರ ಫಲವಾಗಿ ಎರಡು ಪಂಥಗಳು ಹುಟ್ಟಿದವು. ಹನ್ನೆರಡನೆಯ ಶತಮಾನದಲ್ಲೇ ಸ್ಥಾವರ–ಜಂಗಮಗಳ ಚರ್ಚೆ ಮುಗಿಸಿದ ಕನ್ನಡಿಗರಿಗೆ ಇದನ್ನು ವಿವರಿಸಬೇಕಾದ್ದಿಲ್ಲ. ಸ್ಥಾವರ ಪಂಥದವರು ಲಿಂಕನ್‌ಷೈರಿನ ಕಡಲತೀರದ ಸ್ಕೆಗ್ನೆಸ್, ಇಂಗೋಲ್ಡ್‌ಮೆಲ್ಸ್ ಮೊದಲಾದ ಊರುಗಳಲ್ಲಿ ಸಾಲುಸಾಲಾಗಿ ನೆಲೆ ನಿಂತಿದ್ದಾರೆ. ಇವರ ಶಕಟಕ್ಕೂ ಅಡಿಯಲ್ಲಿ ಗಾಲಿಗಳಿವೆ. ಆದರೆ ಆ ಗಾಲಿಯನ್ನು ಮುಚ್ಚಲು ಸುತ್ತ ಇಟ್ಟಿಗೆಯ ಅಂಚು ಕಟ್ಟಿ, ಮೆಟ್ಟಿಲಿಟ್ಟು, ಜಿರೇನಿಯಂ ಕುಂಡ ಜೋಡಿಸಿರುತ್ತಾರೆ. ನೆಲದ ಯಜಮಾನನಿಗೆ ವರ್ಷಕ್ಕಿಷ್ಟು ಎಂದು ಬಾಡಿಗೆ ಕಟ್ಟುತ್ತಾರೆ. ಚಳಿಗಾಲದಲ್ಲಿ ಕೆಲವು ವಾರ ಪಾರ್ಕಿಗೆ ಬೀಗ. ಇಲ್ಲದಿದ್ದರೆ ಅದನ್ನೇ ಮನೆ ಎಂದುಕೊಂಡುಬಿಟ್ಟಾರು ಎಂಬ ಭಯ ಸರ್ಕಾರಕ್ಕೆ. ಜಂಗಮ ಪಂಥದವರು ಎಳೆದುಕೊಂಡೇ ತಿರುಗುತ್ತಾರೆ. ಕ್ಲಬ್ಬುಗಳ ಸದಸ್ಯರಾದರೆ, ಹೆಚ್ಚೆಂದರೆ ಐದು ಕ್ಯಾರವಾನುಗಳಿಗೆ ಅವಕಾಶವಿರುವ ರೈತರ ಹೊಲದಂಚಿನ ತಾಣಗಳೂ ಸಿಗುತ್ತವೆ. ಅದೇ 1960ರ ಕಾಯಿದೆಯ ಕೃಪೆ. ನಾವು ಜಂಗಮರ ಪಕ್ಷ. ಸ್ಥಾವರರ ನಾಯಿಗಳು ದಪ್ಪಗಿರುತ್ತವೆ ಎಂಬುದನ್ನು ಬಿಟ್ಟರೆ ಅವರ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ.

ಈ ಶಾಸ್ತ್ರಕ್ಕೆ ಚಾರ್ವಾಕರೂ ಇದ್ದಾರೆ. ಕ್ಯಾರವಾನ್ ಎಳೆಯುವ ಕಾರು ಎರಡು ದಿಕ್ಕಿನ ಒಂಟಿ ರಸ್ತೆಯಲ್ಲಿ ಗಂಟೆಗೆ 50 ಮೈಲಿ, ಮೋಟಾರುಹೆದ್ದಾರಿಯಲ್ಲಿ 60 ಮೈಲಿ ಮೀರುವಂತಿಲ್ಲ. ಮೂರು ಸಾಲಿನ ಹೆದ್ದಾರಿಯಲ್ಲಿ ಬಲತುದಿಯ ಸಾಲಿಗೆ ಕಾಲಿಡುವಂತಿಲ್ಲ. ಆದ್ದರಿಂದ ಕಾರ್ನ್‌ವಾಲಿನ ಕಿರುದಾರಿಯಲ್ಲಿ ಒಂದು ಕ್ಯಾರವಾನ್ ಹೊರಟರೆ ಅದರ ಹಿಂದೆ ಜಿಲ್ಲೆಯೇ ಹೊರಟಂತಿರುತ್ತದೆ. 'ಟಾಪ್ ಗೇರ್' ಎಂಬ ಟಿವಿ ಕಾರ್ಯಕ್ರಮದವರು ಈ ಸಿಟ್ಟನ್ನೇ ಬಂಡವಾಳ ಮಾಡಿಕೊಂಡು ಕ್ಯಾರವಾನುಗಳನ್ನು ಒಡೆದರು, ಸುಟ್ಟರು, ಜನರನ್ನು ವರ್ಷಗಟ್ಟಲೆ ನಗಿಸಿದರು. ಅದೇ ಕಾಲದಲ್ಲಿ, 2006ರಲ್ಲಿ, ಬ್ರಿಟನ್ನಿನ ವಿದೇಶಾಂಗ ಸಚಿವೆಯಾದ ಮಾರ್ಗರೆಟ್ ಬೆಕೆಟ್ ಗಂಡನೊಡನೆ ಕ್ಯಾರವಾನಿನಲ್ಲೇ ರಜೆ ಕಳೆಯುವವರೆಂದು ಪ್ರಸಿದ್ಧರಾಗಿದ್ದರು. ಚಾರ್ವಾಕರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಸೂತ್ರ: ಹಿಮ್ಮುಖ ಚಲನೆಯೇ ದಾಂಪತ್ಯದ ಒರೆಗಲ್ಲು.

ಭಾಷ್ಯ: ಹಿಂದಕ್ಕೆ ಹೋಗುವಾಗ ಸ್ಟೀರಿಂಗನ್ನು ಬಲಕ್ಕೆ ತಿರುಗಿಸಿದರೆ ಕ್ಯಾರವಾನಿನ ಹಿಂಭಾಗ ಎಡಕ್ಕೆ ಹೋಗುತ್ತದೆ, ಎಡಕ್ಕೆ ತಿರುಗಿಸಿದರೆ ಬಲಕ್ಕೆ. ಈ ಸತ್ಯ ಗೊತ್ತಿಲ್ಲದವರು ಯಾರೂ ಇಲ್ಲ, ಗೊತ್ತಿದ್ದು ಪ್ರಯೋಜನವೂ ಇಲ್ಲ. ಕ್ಲಬ್ಬಿನ ತಾಣದಲ್ಲಿ ಪ್ರತಿ ಜಾಗಕ್ಕೂ ಒಂದು ಗೂಟ ನೆಟ್ಟಿರುತ್ತಾರೆ. ಕ್ಯಾರವಾನಿನ ಒಂದು ಮೂಲೆ ಆ ಗೂಟಕ್ಕೆ ಸರಿಯಾಗಿ ಬರಬೇಕು. ಬೆಂಕಿ ಹಬ್ಬಬಾರದೆಂದು ಒಂದಕ್ಕೂ ಇನ್ನೊಂದಕ್ಕೂ ನಡುವೆ ಆರು ಮೀಟರ್ ಅಂತರ ಕಡ್ಡಾಯ. ಗಂಡ ಚಾಲಕನ ಸೀಟಿನಲ್ಲಿ. ಹೆಂಡತಿ ಹಿಂದೆ, ಕನ್ನಡಿಗೆ ಕಾಣದ ಜಾಗವನ್ನೇ ಆರಿಸಿ ನಿಂತು, ಎರಡೂ ಕೈ ಬೀಸುತ್ತಿರುತ್ತಾಳೆ.

"ಎಡಕ್ಕೆ! ಎಡಕ್ಕೆ!"

"ಯಾರ ಎಡಕ್ಕೆ? ನಿನ್ನದೋ ನನ್ನದೋ?"

"ಕ್ಯಾರವಾನಿನ ಎಡಕ್ಕೆ!"

ಇಷ್ಟರಲ್ಲಿ ಆಚೀಚೆಯ ಕ್ಯಾರವಾನುಗಳ ಬಾಗಿಲು ತೆರೆದಿರುತ್ತವೆ. ನೆರೆಯವರು ಟೀ ಮಗ್ಗು ಹಿಡಿದು, ಆಕಾಶ ನೋಡುವ ನೆಪದಲ್ಲಿ ಹೊರಬರುತ್ತಾರೆ. ಯಾರೂ ನಗುವುದಿಲ್ಲ, ನಿನ್ನೆ ಅವರೂ ಇದನ್ನೇ ಆಡಿದ್ದರು. ಮೂರನೆಯ ಯತ್ನಕ್ಕೆ ಕ್ಯಾರವಾನ್ ಅಡ್ಡಡ್ಡಲಾಗಿ ನಿಂತು, ಕಾರು ಅದಕ್ಕೆ ಮುಖ ತಿರುಗಿಸಿಕೊಂಡಿರುತ್ತದೆ. ಹಿಂದಿನ ಸೀಟಿನಲ್ಲಿ ಬೆಲ್ಟು ಬಿಗಿಸಿಕೊಂಡು ಕೂತ ನಾಯಿ ಈಗ ಬೊಗಳತೊಡಗುತ್ತದೆ. ಗಂಡ "ನೀನಾದರೂ ಸುಮ್ಮನಿರು" ಎನ್ನುತ್ತಾನೆ. 'ನೀನಾದರೂ' ಎಂಬುದರ ಅನ್ವಯ ಯಾರಿಗೆ ಎಂಬ ಪ್ರಶ್ನೆ ಆ ಸಂಜೆಯ ಊಟದವರೆಗೂ ಉಳಿಯುತ್ತದೆ. ಇತ್ತೀಚೆಗೆ 'ಮೂವರ್' ಎಂಬ ಯಂತ್ರ ಬಂದಿದೆ. ಬ್ಯಾಟರಿಯ ಬಲದಿಂದ ಉರುಳೆಗಳು ಗಾಲಿಗೆ ಒತ್ತಿಕೊಂಡು, ರಿಮೋಟ್ ಒತ್ತಿದತ್ತ ಕ್ಯಾರವಾನನ್ನು ತಾವೇ ಸರಿಸುತ್ತವೆ. ಸಂಪ್ರದಾಯಸ್ಥರು ಇದನ್ನು ಒಪ್ಪುವುದಿಲ್ಲ. ನಾವೂ ಒಪ್ಪುವುದಿಲ್ಲ, ಜಗಳವಿಲ್ಲದೆ ನಿಂತ ಕ್ಯಾರವಾನಿನಲ್ಲಿ ಮೊದಲ ಟೀಗೆ ರುಚಿಯೆಲ್ಲಿಂದ ಬರಬೇಕು?

ಟೀ ಎಂದರೆ ನೀರು ಬೇಕು, ವಿದ್ಯುತ್ ಬೇಕು. ನೀರು ನಲವತ್ತು ಲೀಟರಿನ ಪೀಪಾಯಿಯಲ್ಲಿ ಬರುತ್ತದೆ. ಅದನ್ನು ನಲ್ಲಿಯಿಂದ ಉರುಳಿಸಿಕೊಂಡು ಬರುವ ಉರುಳುಸೇವೆ ಗಂಡನದು. ವಿದ್ಯುತ್ತಿಗೆ ಕಿತ್ತಳೆ ಬಣ್ಣದ ಕೇಬಲ್, ಹೆಚ್ಚೆಂದರೆ 16 ಆಂಪಿಯರ್. ಮನೆಯ ಮಾಮೂಲಿ ಕೆಟಲ್ ಒಂದೇ ಹದಿಮೂರರ ಹತ್ತಿರ ಕುಡಿಯುತ್ತದೆ. ಹೀಟರ್ ಉರಿಯುತ್ತಿರುವಾಗ ಕೆಟಲ್ ಹಾಕಿದರೆ ಟಪ್ ಎಂದು ಕತ್ತಲು. ನಲವತ್ತು ವರ್ಷ ದೊಡ್ಡ ಮನೆಯಲ್ಲಿ ಒಂದೊಂದು ಕೋಣೆಯಲ್ಲಿ ಒಬ್ಬೊಬ್ಬರಿದ್ದ ಗಂಡಹೆಂಡತಿ ಈಗ ಬೆಚ್ಚಗಿರಬೇಕೋ ಟೀ ಕುಡಿಯಬೇಕೋ ಎಂದು ಪರಸ್ಪರ ಕೇಳಿಕೊಂಡು ನಿರ್ಧರಿಸಬೇಕಾಗುತ್ತದೆ. ಸಂಸಾರ ಸುಖವೆಂದು ಶಾಸ್ತ್ರಕಾರರು ಹೇಳಿದ್ದು ಬಹುಶಃ ಇದನ್ನೇ.

ಸೂತ್ರ: ಡಬ್ಬಿ ಹಿಡಿದವನ ಮುಖ ನೋಡು, ಕೈ ನೋಡಬೇಡ.

ಭಾಷ್ಯ: ಕ್ಯಾರವಾನಿನ ಪಾಯಿಖಾನೆಯ ಕೆಳಗೆ ಕ್ಯಾಸೆಟ್ ಎಂಬ ಡಬ್ಬಿ ಇರುತ್ತದೆ. ಒಳಗೆ ನೀಲಿ ದ್ರವ. ಬೆಳಿಗ್ಗೆ ಅದನ್ನು ಹೊರಗಿನ ಕಿರುಬಾಗಿಲಿನಿಂದ ಎಳೆದು ತೆಗೆದು, ಸೂಟ್‌ಕೇಸಿನಂತೆ ಹಿಡಿಕೆ ಉದ್ದ ಮಾಡಿ, ತಾಣದ ಮೂಲೆಯಲ್ಲಿರುವ ವಿಸರ್ಜನಾ ಸ್ಥಳಕ್ಕೆ ಉರುಳಿಸಿಕೊಂಡು ಹೋಗಬೇಕು. ನಿವೃತ್ತ ಬ್ಯಾಂಕ್ ಮ್ಯಾನೇಜರ್ ಹೋಗುತ್ತಾನೆ, ನಿವೃತ್ತ ಹೆಡ್‌ಮಾಸ್ತರ್ ಹೋಗುತ್ತಾನೆ. ಎದುರಾದವರು ಹವೆಯ ಬಗ್ಗೆ ಎರಡು ಮಾತಾಡಿ ಮುಂದುವರಿಯುತ್ತಾರೆ, ಡಬ್ಬಿಯತ್ತ ಯಾರೂ ಕಣ್ಣು ಹಾಯಿಸುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಬೆಳಗಿನ ಜಾವ ಚೊಂಬು ಹಿಡಿದು ಹೊರಟವರ ನಡುವೆ ಇದ್ದ ಮರ್ಯಾದೆಯೂ ಇದೇ. ಒಂದೇ ವ್ಯತ್ಯಾಸ: ನಮ್ಮಲ್ಲಿ ತುಂಬಿಸಿಕೊಂಡು ಹೋಗಿ ಬರಿದು ಮಾಡಿಕೊಂಡು ಬಂದದ್ದು ನೀರನ್ನು.

ಇನ್ನು ಮುಖ್ಯ ಸೂತ್ರ: ನಾಯಿ ಪ್ರಧಾನ, ದಂಪತಿ ಗೌಣ.

ಪೂರ್ವಪಕ್ಷದವರು ಕೇಳಬಹುದು: ಕಾರು ದಂಪತಿಯದು, ದುಡ್ಡು ದಂಪತಿಯದು, ಡಬ್ಬಿಯೂ ದಂಪತಿಯದು, ನಾಯಿ ಹೇಗೆ ಪ್ರಧಾನ? ಉತ್ತರ: ಪಂಚಾಂಗ ನೋಡಿ. ಬ್ರಿಟನ್ನಿನ ಅನೇಕ ಕಡಲತೀರಗಳಲ್ಲಿ ಮೇ ತಿಂಗಳಿಂದ ಸೆಪ್ಟೆಂಬರ್ ಕೊನೆಯವರೆಗೆ ನಾಯಿಗಳಿಗೆ ಪ್ರವೇಶವಿಲ್ಲ. ಆದ್ದರಿಂದ ಈ ದಂಪತಿ ಬಿಸಿಲಿರುವ ಜುಲೈ ಬಿಟ್ಟು, ಕೊಡೆ ಹಿಂದುಮುಂದಾಗುವ ಅಕ್ಟೋಬರಿನಲ್ಲಿ ನಾರ್ಥಂಬರ್‌ಲ್ಯಾಂಡಿನ ತೀರಕ್ಕೆ ಹೋಗುತ್ತಾರೆ. ಕಾರಣ ಕೇಳಿದರೆ "ಆಗ ಗಲಾಟೆ ಕಡಿಮೆ, ಬಾಡಿಗೆಯೂ ಕಡಿಮೆ" ಎನ್ನುತ್ತಾರೆ. ಇದು ಅರ್ಥವಾದ, ವಿಧಿಯಲ್ಲ. ತೂಕದ ಲೆಕ್ಕವೂ ಇದನ್ನೇ ಹೇಳುತ್ತದೆ. ಕ್ಯಾರವಾನಿಗೆ ತುಂಬಬಹುದಾದ ಸಾಮಾನಿನ ಮಿತಿ ಸಾಮಾನ್ಯವಾಗಿ ಒಂದೂವರೆ ಕ್ವಿಂಟಲ್ ಆಸುಪಾಸು. ಈ ಮಿತಿಗಾಗಿ ಹೆಂಡತಿಯ ಎರಡನೆಯ ಜೊತೆ ಬೂಟು, ಗಂಡನ ದಪ್ಪ ಪುಸ್ತಕ ಮನೆಯಲ್ಲೇ ಉಳಿಯುತ್ತವೆ. ಹದಿನೈದು ಕಿಲೋ ನಾಯಿತಿಂಡಿಯ ಚೀಲ ಎಂದೂ ಉಳಿದದ್ದಿಲ್ಲ. ಪ್ರವರದ ಸಾಕ್ಷ್ಯವೂ ಇದೆ. ತಾಣದಲ್ಲಿ ಯಾರೂ ಯಾರ ಹೆಸರನ್ನೂ ಕೇಳುವುದಿಲ್ಲ. ನಾಯಿಯ ಹೆಸರು, ತಳಿ, ವಯಸ್ಸು, ಆದ ಆಪರೇಷನ್ನು, ಹಿಡಿಸದ ಆಹಾರ ಎಲ್ಲ ಐದು ನಿಮಿಷದಲ್ಲಿ ವಿನಿಮಯವಾಗುತ್ತವೆ. ಹತ್ತು ವರ್ಷ ಒಂದೇ ತಾಣದಲ್ಲಿ ಭೇಟಿಯಾದವರು ಒಬ್ಬರನ್ನೊಬ್ಬರು "ಬೆಸ್‌ಳ ಅಪ್ಪ", "ಮಾಂಟಿಯ ಅಮ್ಮ" ಎಂದೇ ಗುರುತಿಸುತ್ತಾರೆ.

ಪ್ರತ್ಯಕ್ಷ ಪ್ರಮಾಣ ಬೇಕೆಂದರೆ ಅದೇ ಅಕ್ಟೋಬರಿನ ಒಂದು ಸಂಜೆ ಸಾಕು. ಬಾರ್ಡರ್ ಟೆರಿಯರ್ ಒಂದು ಸಮುದ್ರದಲ್ಲಿ ಮಿಂದು, ಮರಳಲ್ಲಿ ಹೊರಳಿ, ಯಾವುದೋ ಸತ್ತ ಮೀನನ್ನೂ ವಿಚಾರಿಸಿಕೊಂಡು ಬಂದಿರುತ್ತದೆ. ಕ್ಯಾರವಾನಿನ ಬಾಗಿಲಿಗೆ ಕಟ್ಟಿದ ಡೇರೆಯ ಚಪ್ಪರದಲ್ಲಿ ಹೆಂಡತಿ ಮಂಡಿಯೂರಿ ಕೂತು, ಹಳೇ ಟವೆಲಿನಲ್ಲಿ ಒಂದೊಂದೇ ಪಂಜವನ್ನು ಎತ್ತಿ, ಬೆರಳ ಸಂದಿಯ ಮರಳು ತೆಗೆಯುತ್ತಾಳೆ. ಗಂಡ ಎರಡನೆಯ ಟವೆಲ್ ಚಾಚಿ ನಿಂತಿರುತ್ತಾನೆ. ಅವನ ಪ್ಯಾಂಟು ಮೊಣಕಾಲವರೆಗೆ ಒದ್ದೆ, ಅದನ್ನು ಯಾರೂ ವಿಚಾರಿಸುವುದಿಲ್ಲ. ಒರೆಸಿಕೊಂಡ ನಾಯಿ ಒಳಗೆ ಹೋಗಿ, ಮೈಯಲ್ಲಿ ಉಳಿದ ನೀರನ್ನು ಒಮ್ಮೆ ಕೊಡವಿ, ಸೋಫಾಗಳನ್ನು ಜೋಡಿಸಿ ಹಾಸಿದ ಹಾಸಿಗೆಯ ಸರಿಯಾದ ನಡುಮಧ್ಯದಲ್ಲಿ ಮಲಗುತ್ತದೆ. ಎಡಕ್ಕೆ ಗಂಡ, ಬಲಕ್ಕೆ ಹೆಂಡತಿ. ಈ ಮೂರ್ತಿವಿನ್ಯಾಸವನ್ನು ನೋಡಿದ ಮೇಲೂ ಪ್ರಧಾನ ದೇವತೆ ಯಾರೆಂದು ಕೇಳುವವರೊಡನೆ ವಾದವಿಲ್ಲ.

ಚಳಿಗಾಲದಲ್ಲಿ ಹಡಗು ಹತ್ತಿ ಸ್ಪೇನಿಗೆ ಇಳಿಯುವ ಶಾಖೆಯೊಂದಿದೆ. ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟ ಮೇಲೆ ಈ ಶಾಖೆಗೆ ಕಷ್ಟ ಬಂತು. ದಂಪತಿ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನ ಮಾತ್ರ ಅಲ್ಲಿರಬಹುದು. 2021ರಿಂದ ನಾಯಿಯ ಹಳೆಯ ಬ್ರಿಟಿಷ್ ಪಾಸ್‌ಪೋರ್ಟಿಗೆ ಬೆಲೆಯಿಲ್ಲದೆ, ಹೊರಡುವ ಹತ್ತು ದಿನದೊಳಗೆ ಪಶುವೈದ್ಯರಿಂದ ಆರೋಗ್ಯಪತ್ರ ಪಡೆಯಬೇಕಾಯಿತು. ವಾಪಸು ಬರುವ ಮುನ್ನ ಒಂದರಿಂದ ಐದು ದಿನಗಳೊಳಗೆ ಲಾಡಿಹುಳುವಿನ ಔಷಧಿ ಕೊಡಿಸಿ ಬರೆಸಿಕೊಳ್ಳಬೇಕು. ಆದರೆ 90 ದಿನದ ಮಿತಿ ನಾಯಿಗೆ ಅನ್ವಯಿಸುವುದಿಲ್ಲ. ಅಧಿಕಾರಿಗಳ ಮನಸ್ಸಿನಲ್ಲೂ ಯಾರು ಗೌಣವೆಂಬುದು ಸ್ಪಷ್ಟವಾಗಿದೆ.

ಕೊನೆಯ ಆಕ್ಷೇಪ: ವಾನಪ್ರಸ್ಥದಲ್ಲಿ ಮೋಹ ಬಿಡಬೇಕು, ಇವರು ನಾಯಿಯನ್ನೇ ಬಿಟ್ಟಿಲ್ಲವಲ್ಲ? ಧರ್ಮರಾಯನೂ ಬಿಡಲಿಲ್ಲ. ತಮ್ಮಂದಿರು ದಾರಿಯಲ್ಲಿ ಬಿದ್ದರು, ದ್ರೌಪದಿ ಬಿದ್ದಳು, ಆತ ತಿರುಗಿ ನೋಡದೆ ನಡೆದ. ನಾಯಿಯ ಪ್ರಶ್ನೆ ಬಂದಾಗ ಮಾತ್ರ ಸ್ವರ್ಗದ ಬಾಗಿಲಲ್ಲೇ ನಿಂತು ಇಂದ್ರನೊಡನೆ ವಾದಕ್ಕಿಳಿದ. ಇಂಗ್ಲೆಂಡಿನಲ್ಲಿ ಕಡಲು ಕಾಣುವ, ಹುಲ್ಲು ಕತ್ತರಿಸಿದ, ಬಿಸಿನೀರಿನ ಸ್ನಾನಗೃಹವಿರುವ ತಾಣದ ಬಾಗಿಲಲ್ಲಿ 'ನಾಯಿಗಳಿಗೆ ಪ್ರವೇಶವಿಲ್ಲ' ಎಂಬ ಫಲಕ ಕಂಡರೆ ಈ ದಂಪತಿ ವಾದಕ್ಕೂ ಇಳಿಯುವುದಿಲ್ಲ. ಇಕ್ಕಟ್ಟಾದ ದಾರಿಯಲ್ಲಿ ಹೇಗೋ ಕ್ಯಾರವಾನ್ ತಿರುಗಿಸಿಕೊಂಡು, ಕೆಸರು ಹೊಲದ ಐದು ಜಾಗದ ತಾಣವೊಂದಕ್ಕೆ ಹೋಗುತ್ತಾರೆ.

ಈ ಸಿದ್ಧಾಂತವನ್ನು ಒಪ್ಪದ ವಿದ್ವಾಂಸರು ಖಂಡನಗ್ರಂಥ ಬರೆಯಲು ಸ್ವತಂತ್ರರು. ಆದರೆ ಶಾಸ್ತ್ರಾಧಿಕಾರದ ಪ್ರಶ್ನೆಯೊಂದಿದೆ. ಮೊದಲು ಏಳು ಮೀಟರಿನ ಕ್ಯಾರವಾನ್ ಒಂದನ್ನು, ಹೆಂಡತಿ ಹಿಂದೆ ನಿಂತು ಕೈ ಬೀಸುತ್ತಿರುವಾಗ, ಹಿಮ್ಮುಖವಾಗಿ ಗೂಟಕ್ಕೆ ಸರಿಯಾಗಿ ತಂದು ನಿಲ್ಲಿಸಿ ತೋರಿಸಲಿ. ಮಿಕ್ಕ ಮಾತು ಆಮೇಲೆ.