ಮಿತವ್ಯಯ ಚಾರ್ಜಿಂಗ್ ಮೀಮಾಂಸೆ: ಹುಬ್ಬಳ್ಳಿ–ಧಾರವಾಡವನ್ನು ಅನುಲಕ್ಷಿಸಿ ಒಂದು ವಿಮರ್ಶಾತ್ಮಕ ಅಧ್ಯಯನ

ಯಾವ ಶಾಸ್ತ್ರಕ್ಕಾದರೂ ಅನುಬಂಧ ಚತುಷ್ಟಯ ಬೇಕು. ಈ ಶಾಸ್ತ್ರದ ವಿಷಯ, ಸಾರ್ವಜನಿಕ ಚಾರ್ಜರಿನಲ್ಲಿ ವಿದ್ಯುತ್ ವಾಹನಕ್ಕೆ ಕರೆಂಟು ತುಂಬಿಸುವಾಗ ಉಳಿಸಬಹುದಾದ ದುಡ್ಡು. ಅಧಿಕಾರಿ, ಗಾಡಿಯ ಸಾಲದ ಕಂತು ಇನ್ನೂ ತೀರದವನು. ಪ್ರಯೋಜನ, ಮೂವತ್ತಾರು ರೂಪಾಯಿ. ಇದರ ಲೆಕ್ಕ ಮುಂದೆ ಬರುತ್ತದೆ. ಸಂಬಂಧವೆಂಬ ನಾಲ್ಕನೆಯದು ಮನೆಯವರ ಜೊತೆಗಿನದು. ಸಂಜೆ ಆರಕ್ಕೆ ಬರುತ್ತೇನೆಂದವನು ಎಂಟೂವರೆಗೆ ಬಂದಾಗ ಅದು ತಾನಾಗಿ ಸ್ಪಷ್ಟವಾಗುತ್ತದೆ.

ಪೂರ್ವಸೂರಿಗಳ ಸ್ಮರಣೆ ಮೊದಲಾಗಲಿ. 2001ರಲ್ಲಿ ಬೆಂಗಳೂರಿನ ರಸ್ತೆಗಿಳಿದ ರೇವಾ ಕಾರಿಗೆ ಚಾರ್ಜಿಂಗ್ ಸ್ಟೇಷನ್ನಿನ ಹಂಗೇ ಇರಲಿಲ್ಲ; ಮನೆಯ 15 ಆಂಪಿಯರ್ ಸಾಕೆಟ್ಟೇ ಅದಕ್ಕೆ ಕಾಶಿ, ಅದೇ ರಾಮೇಶ್ವರ. 2017ರಲ್ಲಿ ಕರ್ನಾಟಕ ದೇಶದಲ್ಲೇ ಮೊದಲಿಗೆ ವಿದ್ಯುತ್ ವಾಹನ ನೀತಿ ತಂದಿತು. ಮರುವರ್ಷ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಚಾರ್ಜಿಂಗ್ ಸ್ಟೇಷನ್ನುಗಳಿಗೆಂದೇ ಯೂನಿಟ್ಟಿಗೆ 4 ರೂಪಾಯಿ 85 ಪೈಸೆಯ ಪ್ರತ್ಯೇಕ ದರ ಗೊತ್ತುಮಾಡಿತು. ಪೈಸೆಯ ಪ್ರಸ್ತಾಪ ಬಂದ ಕೂಡಲೇ ಶಾಸ್ತ್ರ ಹುಟ್ಟಿತೆಂದು ತಿಳಿಯಬೇಕು. ಪೈಸೆ ಇಲ್ಲದ ಕಡೆ ಮೀಮಾಂಸೆಗೆ ಕೆಲಸವಿಲ್ಲ.

2024ರ ಕೊನೆಯ ಸುಮಾರಿಗೆ ಕೇಂದ್ರ ಸರ್ಕಾರ ಕೊಟ್ಟ ಲೆಕ್ಕದ ಪ್ರಕಾರ ದೇಶದ ಸುಮಾರು 25 ಸಾವಿರ ಸಾರ್ವಜನಿಕ ಸ್ಟೇಷನ್ನುಗಳಲ್ಲಿ 5,765 ಕರ್ನಾಟಕದವೇ. ಬೇರೆ ಯಾವ ರಾಜ್ಯಕ್ಕೂ ಇಷ್ಟಿಲ್ಲ. ಅದರಲ್ಲಿ ಬಹುಪಾಲು ಬೆಂಗಳೂರಿನ ಪಾಲು. ಹಾಗಾದರೆ ಅಧ್ಯಯನವನ್ನು ಅಲ್ಲಿಯೇ ಮಾಡಬಾರದೇಕೆ ಎಂಬುದು ಪೂರ್ವಪಕ್ಷ. ಮಾಡಬಾರದು. ಒಂದು ಚಾರ್ಜರ್ ಕೆಟ್ಟರೆ ಪಕ್ಕದ ಓಣಿಯಲ್ಲಿ ಇನ್ನೊಂದಿರುವ ಊರಿನಲ್ಲಿ ಚಿಂತನೆ ಬೆಳೆಯುವುದಿಲ್ಲ. ಅವಳಿ ನಗರದಲ್ಲಾದರೆ ಹುಬ್ಬಳ್ಳಿಗೆ ವ್ಯಾಪಾರ ಗೊತ್ತು, ಧಾರವಾಡಕ್ಕೆ ಅಡಿಟಿಪ್ಪಣಿ ಗೊತ್ತು. ನಡುವೆ ಇಪ್ಪತ್ತು ಕಿಲೋಮೀಟರ್ ರಸ್ತೆ. ಕರೆಂಟು ಕೊಡುವ ಹೆಸ್ಕಾಂ ತನ್ನ ಕೇಂದ್ರ ಕಚೇರಿಯನ್ನು ಎರಡೂ ಊರಿನ ನಡುವಿನ ನವನಗರದಲ್ಲಿ ಇಟ್ಟುಕೊಂಡು ತಾಟಸ್ಥ್ಯ ಕಾಪಾಡಿಕೊಂಡಿದೆ. ವಿದ್ವತ್ತಿಗೆ ಇದಕ್ಕಿಂತ ಪ್ರಶಸ್ತ ಕ್ಷೇತ್ರ ಬೇರಿಲ್ಲ.

ಈಗ ಗ್ರಂಥಸಂಪಾದನೆಗೆ ಬರೋಣ. ಚಾರ್ಜಿಂಗ್ ಮುಗಿದ ಮೇಲೆ ಮೊಬೈಲಿಗೆ ಬಂದು ಬೀಳುವ ಬಿಲ್ಲನ್ನು ಸಾಮಾನ್ಯರು ಒಟ್ಟು ಮೊತ್ತ ನೋಡಿ, ಉಸ್ಸೆಂದು, ಫೋನು ಕಿಸೆಗಿಡುತ್ತಾರೆ. ಧಾರವಾಡ ಸಂಪ್ರದಾಯದವರು ಹಾಗೆ ಮಾಡುವುದಿಲ್ಲ. ಅವರ ದೃಷ್ಟಿಯಲ್ಲಿ ಇದು ಒಬ್ಬ ಕರ್ತೃವಿನ ಕೃತಿಯಲ್ಲ, ಮೂರು ಪದರಗಳ ಸಂಕಲನ. ಮೂಲಪಾಠ ಕರೆಂಟಿನ ದರ; ಅದನ್ನು ಬರೆದದ್ದು ನಿಯಂತ್ರಣ ಆಯೋಗ. ಅದರ ಮೇಲಿನ ವ್ಯಾಖ್ಯಾನ ಸೇವಾ ಶುಲ್ಕ, ಅಂದರೆ ಚಾರ್ಜರ್ ನೆಟ್ಟವನ ಪಾಲು. ಎಲ್ಲ ಕಡೆಯೂ ಆಗುವಂತೆ ಇಲ್ಲಿಯೂ ವ್ಯಾಖ್ಯಾನ ಮೂಲಕ್ಕಿಂತ ಉದ್ದವಾಗಿದೆ. ಕೊನೆಯಲ್ಲಿ ಶೇಕಡಾ 18ರ ಜಿಎಸ್‌ಟಿ ಇದೆ. ಇದನ್ನು ಪ್ರಕ್ಷಿಪ್ತವೆಂದು ತೆಗೆದುಹಾಕಲು ಹಲವರು ಹವಣಿಸಿದ್ದುಂಟು. ಎಲ್ಲ ಪ್ರತಿಗಳಲ್ಲೂ ಅದು ಇರುವುದರಿಂದ ಸಾಧ್ಯವಾಗಿಲ್ಲ.

ಪ್ರಕ್ಷಿಪ್ತವಾದದ ಹಿಂದೆ ಗಟ್ಟಿ ತರ್ಕವಿದೆ ಎಂಬುದನ್ನು ಒಪ್ಪಬೇಕು. ಕರೆಂಟಿಗೆ ಜಿಎಸ್‌ಟಿ ಇಲ್ಲ. ಮನೆಯ ಬಿಲ್ಲಿನಲ್ಲಿ ಅದನ್ನು ಯಾರೂ ಕಂಡಿಲ್ಲ. ವಿದ್ಯುತ್ ವಾಹನಕ್ಕೆ 2019ರ ಆಗಸ್ಟ್‌ನಿಂದ ಶೇಕಡಾ 5 ಮಾತ್ರ. ಕರೆಂಟಿಗೆ ಸೊನ್ನೆ, ಕಾರಿಗೆ ಐದು. ಆ ಕರೆಂಟನ್ನು ಆ ಕಾರಿಗೆ ಹಾಕಿದರೆ ಹದಿನೆಂಟು! ಸೊನ್ನೆಗೆ ಐದು ಕೂಡಿಸಿದರೆ ಹದಿನೆಂಟಾಗುವ ಗಣಿತವನ್ನು ಲೀಲಾವತಿಯಲ್ಲಿ ಭಾಸ್ಕರಾಚಾರ್ಯರೂ ಹೇಳಿದಂತಿಲ್ಲ.

ಇದರ ಸಮಾಧಾನ ದೊರೆತದ್ದು ನಮ್ಮ ರಾಜ್ಯದಲ್ಲಿಯೇ. ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ತಾನು ತೆರೆಯುವ ಚಾರ್ಜಿಂಗ್ ಸ್ಟೇಷನ್ನುಗಳಲ್ಲಿ ಕರೆಂಟಿನ ಹಣವನ್ನೂ ಸೇವೆಯ ಹಣವನ್ನೂ ಬೇರೆಬೇರೆ ತೋರಿಸಿದರೆ ತೆರಿಗೆ ಯಾವುದಕ್ಕೆ ಎಂದು ಕರ್ನಾಟಕದ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರವನ್ನು ಕೇಳಿತು. 2023ರಲ್ಲಿ ಬಂದ ತೀರ್ಪಿನ ತಾತ್ಪರ್ಯ ಇಷ್ಟು: ಬ್ಯಾಟರಿ ಚಾರ್ಜ್ ಮಾಡುವುದು ಸರಕಿನ ಮಾರಾಟವಲ್ಲ, ಸೇವೆ, ಆದ್ದರಿಂದ ಎರಡಕ್ಕೂ 18. ಕೇಂದ್ರದ ಇಂಧನ ಸಚಿವಾಲಯ ಅದಕ್ಕೂ ಮೊದಲು, 2018ರ ಏಪ್ರಿಲ್‌ನಲ್ಲಿಯೇ, ಚಾರ್ಜಿಂಗ್ ಅಂದರೆ ಸೇವೆ, ಅದಕ್ಕೆ ವಿದ್ಯುತ್ ಕಾಯ್ದೆಯ ಲೈಸೆನ್ಸ್ ಬೇಡ ಎಂದಿತ್ತು. ಅಂಗಡಿ ತೆರೆಯುವವನಿಗೆ ಲೈಸೆನ್ಸಿನ ಕಾಟ ತಪ್ಪಿಸಿದ ಅದೇ ಮಾತು, ಬಂದ ಗಿರಾಕಿಯ ಮೇಲೆ ತೆರಿಗೆಯಾಗಿ ಕೂತಿತು. ಒಂದೇ ಸೂತ್ರಕ್ಕೆ ದ್ವೈತಿಗಳೂ ಅದ್ವೈತಿಗಳೂ ತಮ್ಮ ತಮ್ಮ ಭಾಷ್ಯ ಬರೆದದ್ದುಂಟು. ಎರಡರಲ್ಲೂ ದುಡ್ಡು ಖರ್ಚಾಗುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಇನ್ನು ಕಾಲನಿರ್ಣಯ. ಪಂಚಾಂಗದಲ್ಲಿ ರಾಹುಕಾಲವಿರುವಂತೆ ಈ ಶಾಸ್ತ್ರದಲ್ಲಿ ಸೌರಕಾಲವಿದೆ: ಬೆಳಗಿನ 9ರಿಂದ ಸಂಜೆ 4. ಹಗಲು ಸೋಲಾರ್ ಕರೆಂಟು ಗ್ರಿಡ್ಡಿನಲ್ಲಿ ತುಂಬಿ ತುಳುಕುತ್ತದೆ; ಸಂಜೆ ದೀಪ, ಟಿವಿ, ಮಿಕ್ಸರ್ ಒಟ್ಟಿಗೇ ಶುರುವಾದಾಗ ಎಳೆದಾಟ ಆರಂಭವಾಗುತ್ತದೆ. ಅದಕ್ಕೇ 2024ರ ಸೆಪ್ಟೆಂಬರ್‌ನ ಕೇಂದ್ರ ಮಾರ್ಗಸೂಚಿ ಸೇವಾ ಶುಲ್ಕದ ಮಿತಿಯನ್ನು ಹೊತ್ತು ನೋಡಿ ಹೇಳಿದೆ. ಸೌರಕಾಲದಲ್ಲಿ ನಿಧಾನದ ಎಸಿ ಚಾರ್ಜರಿಗೆ ಯೂನಿಟ್ಟಿಗೆ 3 ರೂಪಾಯಿ, ವೇಗದ ಡಿಸಿ ಚಾರ್ಜರಿಗೆ 11. ಉಳಿದ ಹೊತ್ತಿನಲ್ಲಿ 4 ಮತ್ತು 13. ಮಾರ್ಗಸೂಚಿ ಶ್ರುತಿ, ಆ್ಯಪ್ ತೋರಿಸುವ ದರ ಸ್ಮೃತಿ. ಎರಡಕ್ಕೂ ವಿರೋಧ ಬಂದರೆ ಶ್ರುತಿಯೇ ಪ್ರಬಲವೆಂದು ಹಿರಿಯರ ಮಾತು. ಆದರೆ ಚಾರ್ಜರಿನ ಗನ್ ಬಿಡುವುದು ಸ್ಮೃತಿ ಹೇಳಿದಷ್ಟು ಕೊಟ್ಟಾಗ ಮಾತ್ರ.

ಪ್ರಯೋಗಕ್ಕೆ ಹಳೆಯ ನೆಕ್ಸಾನ್ ಇವಿಯನ್ನು ತೆಗೆದುಕೊಳ್ಳಬಹುದು. ಬ್ಯಾಟರಿ 30.2 ಯೂನಿಟ್ಟಿನದು. ಶೇಕಡಾ 20ರಿಂದ 80ಕ್ಕೆ ಏರಿಸಲು ಸುಮಾರು 18 ಯೂನಿಟ್ ಬೇಕು. ಮೂಲದರವನ್ನು ಲೆಕ್ಕದ ಅನುಕೂಲಕ್ಕೆ 5 ರೂಪಾಯಿ ಎಂದಿಟ್ಟುಕೊಂಡು, ಮಾರ್ಗಸೂಚಿಯ ಮಿತಿಯನ್ನೇ ಸೇವಾ ಶುಲ್ಕವೆಂದು ಹಿಡಿದು, ಜಿಎಸ್‌ಟಿಯನ್ನು ಗೌರವಪೂರ್ವಕ ಬದಿಗಿಟ್ಟರೆ, ರಾತ್ರಿ ಡಿಸಿಯಲ್ಲಿ 324 ರೂಪಾಯಿ, ಹಗಲು ಡಿಸಿಯಲ್ಲಿ 288, ಹಗಲು ಎಸಿಯಲ್ಲಿ 144. ಪ್ರಯೋಜನದ ಮೂವತ್ತಾರು ರೂಪಾಯಿ ಇಲ್ಲಿದೆ: ರಾತ್ರಿಯ ಬದಲು ಹಗಲು ಬಂದವನಿಗೆ ಸಿಕ್ಕ ಲಾಭ. ಎಸಿಗೆ ಹೋದವನಿಗೆ ಇನ್ನೂ ಅರ್ಧಕ್ಕರ್ಧ ಉಳಿತಾಯ. ಆದರೆ ಕಾರಿನೊಳಗೆ ಎಸಿಯನ್ನು ಡಿಸಿ ಮಾಡುವ ಪೆಟ್ಟಿಗೆಯೊಂದಿರುತ್ತದೆ. ಆ ಹಳೆಯ ಕಾರಿನಲ್ಲಿ ಅದರ ಶಕ್ತಿ 3.3 ಕಿಲೋವಾಟ್ ಮಾತ್ರ. ಹೊರಗೆ 7.4 ಕಿಲೋವಾಟಿನ ಚಾರ್ಜರ್ ನಿಂತಿದ್ದರೂ ಒಳಗೆ ಹೋಗುವುದು ಅಷ್ಟೇ. ಹದಿನೆಂಟು ಯೂನಿಟ್ಟಿಗೆ ಸುಮಾರು ಐದೂವರೆ ತಾಸು ಬೇಕು. ಡಿಸಿ ಚಾರ್ಜರಿನಲ್ಲಿ ಕೊಡುವ ದುಡ್ಡಿನ ದೊಡ್ಡ ಪಾಲು ಹೋಗುವುದು ಅವಸರಕ್ಕೆ ಎಂಬುದು ಇದರಿಂದ ಸಿದ್ಧವಾಗುತ್ತದೆ. ಅವಸರವಿಲ್ಲದವನಿಗೆ ಅದು ಬೇಡ; ಅವಸರವಿಲ್ಲದವನು ಚಾರ್ಜಿಂಗ್ ಸ್ಟೇಷನ್ನಿಗೆ ಬರುವುದು ಅಪರೂಪ.

ಅಪರೂಪವೇ ಹೊರತು ಇಲ್ಲವೇ ಇಲ್ಲವೆಂದಲ್ಲ. ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ಮಧ್ಯಾಹ್ನದ ಬಿಸಿಲಿಗೆ ಚಾರ್ಜರಿನ ಪರದೆ ಕಾಣದೆ, ಒಂದು ಕೈಯಿಂದ ಅದಕ್ಕೆ ನೆರಳು ಮಾಡಿ ಇನ್ನೊಂದು ಕೈಯಲ್ಲಿ ಫೋನು ಹಿಡಿದು ಕ್ಯೂಆರ್ ಕೋಡಿಗೆ ಗುರಿ ಇಡುವ ಭಂಗಿ ಈ ಸಂಪ್ರದಾಯದ ಪ್ರಧಾನ ಆಸನ. ಓಟಿಪಿ ಬರುತ್ತದೆ, ಬರುವಷ್ಟರಲ್ಲಿ ಪರದೆ ಮೊದಲಿನ ಪುಟಕ್ಕೆ ಹೋಗಿರುತ್ತದೆ. ಗನ್ ಟಕ್ಕೆಂದು ಕೂತು ಹಸಿರು ದೀಪ ಹತ್ತಿದ ಮೇಲೆ ಹಿಂದೆ ನಿಂತ ಕಾರಿನ ಗಾಜು ಇಳಿಯುತ್ತದೆ.

“ಎಷ್ಟ ಆಗೇತ್ರಿ ಸರ?”

“ಈಗಷ್ಟ ಹಚ್ಚೇನ್ರಿ. ಇಪ್ಪತ್ತೆರಡು.”

“ಎಂಬತ್ತಕ್ಕ ತಗೀತೀರಿಲ್ಲೋ?”

“ನೋಡೂಣ್ರಿ.”

ಈ ‘ನೋಡೂಣ್ರಿ’ಯ ಮೇಲೆಯೇ ಒಂದು ಅಧ್ಯಾಯ ಬರೆಯಬಹುದು. ಬ್ಯಾಟರಿ ಎಂಬತ್ತು ದಾಟಿದ ಮೇಲೆ ತನ್ನ ಆರೋಗ್ಯಕ್ಕಾಗಿ ಕರೆಂಟನ್ನು ಸಣ್ಣ ಗುಟುಕಿನಲ್ಲಿ ಕುಡಿಯತೊಡಗುತ್ತದೆ. ಯೂನಿಟ್ ಲೆಕ್ಕದ ಚಾರ್ಜರಿನಲ್ಲಿ ಇದರಿಂದ ದುಡ್ಡು ಹೆಚ್ಚಾಗುವುದಿಲ್ಲ, ಹಿಂದಿನವನ ಸಿಟ್ಟು ಹೆಚ್ಚಾಗುತ್ತದೆ. ನಿಮಿಷದ ಲೆಕ್ಕವಿದ್ದರೆ ಎರಡೂ ಹೆಚ್ಚಾಗುತ್ತವೆ. ಚಾರ್ಜ್ ಮುಗಿದ ಮೇಲೂ ಗಾಡಿ ತೆಗೆಯದವನಿಗೆ ಕೆಲವು ಕಡೆ ನಿಂತ ನಿಮಿಷಕ್ಕೆ ದಂಡವಿದೆ. ಹಳಗನ್ನಡ ಶಾಸನಗಳ ಕೊನೆಯ ಶಾಪಾಶಯಕ್ಕೆ ಇದು ಸಮಾನಸ್ಥಾನೀಯ. ಧರ್ಮವನ್ನು ಅಳಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುವನೆಂದು ಅಂದು ಕಲ್ಲಿನಲ್ಲಿ ಕೊರೆಯುತ್ತಿದ್ದರು. ಇಂದು ನೋಟಿಫಿಕೇಶನ್ ಬರುತ್ತದೆ. ಪರಿಣಾಮದ ದೃಷ್ಟಿಯಿಂದ ನೋಟಿಫಿಕೇಶನ್ನೇ ಮೇಲು. ಪಾಪಕ್ಕೆ ಹೆದರದವರು ವ್ಯಾಲೆಟ್ಟಿಗೆ ಹೆದರುತ್ತಾರೆ.

ವ್ಯಾಲೆಟ್ ಎಂದಾಗ ಅವಶೇಷಶಾಸ್ತ್ರ ನೆನಪಾಗಬೇಕು. ಒಂದೊಂದು ಕಂಪನಿಗೂ ಒಂದೊಂದು ಆ್ಯಪ್, ಆ್ಯಪಿಗೊಂದು ವ್ಯಾಲೆಟ್. ಎಲ್ಲದರಲ್ಲೂ ಮೊದಲೇ ದುಡ್ಡು ತುಂಬಿರಬೇಕು, ಎಲ್ಲದರಲ್ಲೂ ಚಿಲ್ಲರೆ ಉಳಿಯಬೇಕು. ಒಂದರಲ್ಲಿ ಹದಿನೇಳು ರೂಪಾಯಿ, ಇನ್ನೊಂದರಲ್ಲಿ ನಲವತ್ಮೂರು. ಇವುಗಳಿಂದ ಹೊಸ ಚಾರ್ಜ್ ಶುರುವಾಗುವುದಿಲ್ಲ, ಇವನ್ನು ಬಿಟ್ಟುಕೊಡಲು ಮನಸ್ಸೂ ಬರುವುದಿಲ್ಲ. ಮೂವತ್ತಾರು ರೂಪಾಯಿ ಉಳಿಸಿದ ಪಂಡಿತನ ಅರುವತ್ತು ರೂಪಾಯಿ ಹೀಗೆ ಭೂಗತವಾಗಿರುತ್ತದೆ. ಊರು ಬಿಟ್ಟು ಬೇರೆ ಊರಿಗೆ ಹೋಗುವಾಗಲೇ ಹೊಸ ಆ್ಯಪ್ ಹಾಕಿಕೊಳ್ಳುವುದು, ಇದ್ದ ಊರಲ್ಲಿ ಒಂದೆರಡನ್ನೇ ನೆಚ್ಚುವುದು ಎಂಬ ಹುಬ್ಬಳ್ಳಿ ವ್ಯಾಪಾರಿಗಳ ರೂಢಿ ಶಾಸ್ತ್ರಸಮ್ಮತವಲ್ಲದಿದ್ದರೂ ಲಾಭದಾಯಕ.

ಈಗ ಬಹುಚರ್ಚಿತ ಯಾತ್ರಾವಾದ. ಧಾರವಾಡದಲ್ಲಿ ಯೂನಿಟ್ಟಿಗೆ ಎರಡು ರೂಪಾಯಿ ಅಗ್ಗವೆಂದು ಆ್ಯಪ್ ತೋರಿಸಿದರೆ ಹುಬ್ಬಳ್ಳಿಯವನು ಅಲ್ಲಿಗೆ ಹೋಗಿ ತುಂಬಿಸಬೇಕೇ? ಹೋಗಬೇಕೆನ್ನುವವರು ಹದಿನೆಂಟು ಯೂನಿಟ್ಟಿಗೆ ಮೂವತ್ತಾರು ರೂಪಾಯಿ ಉಳಿಯಿತೆಂದು ಇಲ್ಲಿಗೇ ಲೆಕ್ಕ ನಿಲ್ಲಿಸುತ್ತಾರೆ. ಹೋಗಿಬರಲು ನಲವತ್ತು ಕಿಲೋಮೀಟರ್. ಯೂನಿಟ್ಟಿಗೆ ಏಳು ಕಿಲೋಮೀಟರ್ ಎಂದು ಹಿಡಿದರೂ ಸುಮಾರು ಆರು ಯೂನಿಟ್ ರಸ್ತೆಯಲ್ಲೇ ಕರಗುತ್ತದೆ. ಹಗಲು ಡಿಸಿಯ ಹದಿನಾರು ರೂಪಾಯಿ ದರದಲ್ಲಿ ಅದೇ ತೊಂಬತ್ತು ರೂಪಾಯಿ ಮೇಲೆ. ಬೈಪಾಸ್ ಹಿಡಿದರೆ ಟೋಲ್ ಬೇರೆ. ಪಿ.ಬಿ. ರೋಡಿನಲ್ಲಿ ಹೋದರೆ ಟೋಲಿಲ್ಲ, ಆದರೆ ಪಕ್ಕದ ಮೀಸಲು ಹಾದಿಯಲ್ಲಿ ಡೀಸೆಲ್ಲಿನ ಚಿಗರಿ ಬಸ್ಸು ಸುಂಯ್ ಎಂದು ಮುಂದೆ ಹೋಗುವುದನ್ನು ನೋಡಬೇಕಾಗುತ್ತದೆ. ಬ್ಯಾಟರಿ ಬಸ್ಸುಗಳನ್ನು ಕಟ್ಟಿ ಕಳಿಸುವ ಕಾರ್ಖಾನೆ ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿಯೇ ಇದೆ ಎಂಬ ಅಡಿಟಿಪ್ಪಣಿಯನ್ನು ಇಲ್ಲಿ ಸೇರಿಸದೆ ಇರುವುದು ಕಷ್ಟ. ಯಾತ್ರಾವಾದಿಗಳ ಕೊನೆಯ ಸಮರ್ಥನೆ, ಹೇಗೂ ಲೈನ್ ಬಜಾರದಲ್ಲಿ ಫೇಡೆ ತರಬೇಕಿತ್ತು ಎಂಬುದು. ಫೇಡೆಯ ಖರ್ಚನ್ನು ಯಾವ ಲೆಕ್ಕಕ್ಕೆ ಹಾಕಬೇಕೆಂದು ಈವರೆಗೆ ಇತ್ಯರ್ಥವಾಗಿಲ್ಲ.

ಎಲ್ಲ ವಾದಗಳ ನಡುವೆ ಸದ್ದಿಲ್ಲದೆ ಗೆಲ್ಲುವವರು ಗೃಹಸಾಕೆಟ್‌ವಾದಿಗಳು. 2024ರ ಏಪ್ರಿಲ್‌ನಿಂದ ಮನೆಬಳಕೆಗೆ ಸ್ಲ್ಯಾಬ್ ಹೋಗಿ ಯೂನಿಟ್ಟಿಗೆ 5 ರೂಪಾಯಿ 90 ಪೈಸೆಯ ಒಂದೇ ದರ ಬಂತು. ಸೋರಿಕೆ ಸೇರಿಸಿ ಇಪ್ಪತ್ತು ಯೂನಿಟ್ ಹಿಡಿದರೂ, ಅದೇ ಹದಿನೆಂಟು ಯೂನಿಟ್ ತುಂಬಿಸಲು ಆ ವರ್ಷದ ದರದಲ್ಲಿ 118 ರೂಪಾಯಿ. ರಾತ್ರಿ ಹಚ್ಚಿ ಮಲಗಿದರೆ ಬೆಳಗಿಗೆ ಸಿದ್ಧ. ಆದರೆ ಇವರಿಗೂ ಒಂದು ಲಕ್ಷ್ಮಣರೇಖೆ ಇದೆ: ಗೃಹಜ್ಯೋತಿ. 2023ರಲ್ಲಿ ಬಂದ ಈ ಯೋಜನೆಯಲ್ಲಿ ಹಿಂದಿನ ವರ್ಷದ ಸರಾಸರಿಗೆ ಹತ್ತು ಪರ್ಸೆಂಟ್ ಸೇರಿಸಿದಷ್ಟು ಕರೆಂಟು ಪುಕ್ಕಟೆ. ಅದನ್ನು ಮೀರಿದರೆ ಹೆಚ್ಚಿನದಕ್ಕೆ ಹಣ. ಇನ್ನೂರು ಯೂನಿಟ್ ದಾಟಿತೋ, ಪೂರ್ತಿ ಬಿಲ್ಲೇ ತಲೆಯ ಮೇಲೆ. ಸ್ಕೂಟರ್ ಮಾತ್ರ ಇದ್ದ ಮನೆ ಹೇಗೋ ರೇಖೆಯೊಳಗೆ ಉಳಿದೀತು. ಕಾರು ಬಂದ ಮನೆಯಲ್ಲಿ ತಿಂಗಳ ಕೊನೆಯ ವಾರ ಮೀಟರ್ ಓದುವ ಕೆಲಸ ಮನೆಯ ಯಜಮಾನಿಯದು. ನೂರಾ ತೊಂಬತ್ತು ದಾಟಿದ ದಿನ ಕಾರಿನ ಕೇಬಲ್ ಕಪಾಟಿನೊಳಗೆ ಹೋಗುತ್ತದೆ, ಕಾರು ಗೋಕುಲ ರೋಡಿಗೆ ಹೋಗುತ್ತದೆ. ಸಾರ್ವಜನಿಕ ಚಾರ್ಜರಿನಲ್ಲಿ ತಿಂಗಳ ಕೊನೆಗೆ ಸೇರುವ ಸಾಲಿನ ಅಧ್ಯಯನಕ್ಕೆ ಇದು ಆಕರ.

ಉಳಿದದ್ದು ಒಂದೇ ಸಂಶಯ, ಧಾರವಾಡದ ಕಡೆಯಿಂದ ಬಂದದ್ದು. ಶ್ರಾವಣದಲ್ಲಿ ಸಾಧನಕೇರಿಯ ಮೇಲೆ ಜಿಟಿಜಿಟಿ ಹಿಡಿದರೆ ವಾರಗಟ್ಟಲೆ ಸೂರ್ಯದರ್ಶನವಿಲ್ಲ. ಸೂರ್ಯನೇ ಇಲ್ಲದಾಗ ಸೌರಕಾಲ ಹೇಗೆ ಸಿದ್ಧಿಸೀತು, ರಿಯಾಯಿತಿಯನ್ನು ಯಾವ ಆಧಾರದ ಮೇಲೆ ಕೇಳಬೇಕು ಎಂದು ನಿವೃತ್ತ ಪ್ರಾಧ್ಯಾಪಕರೊಬ್ಬರು ಛತ್ರಿ ಹಿಡಿದು ಚಾರ್ಜರಿನ ಮುಂದೆಯೇ ಆಕ್ಷೇಪ ಎತ್ತಿದರು. ಉತ್ತರ ಕೊಟ್ಟವನು ಹಿಂದಿನ ಕಾರಿನಲ್ಲಿದ್ದ ದುರ್ಗದ ಬೈಲಿನ ಬಟ್ಟೆ ವ್ಯಾಪಾರಿ. ಗ್ರಿಡ್ ಎಲ್ಲರದೂ ಒಂದೇ. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ. ಗಡಿಯಾರ ನೋಡಬೇಕು, ಆಕಾಶವನ್ನಲ್ಲ ಎಂಬುದು ಅವನ ಸಿದ್ಧಾಂತ. ಅವನು ಹೇಳಿದ್ದು ಇಷ್ಟೇ:

“ಪಾವಗಡದಾಗ ಬಿಸಲೈತ್ರೀ ಸರ. ಮೂರೂ ಮುಕ್ಕಾಲಾತು, ನೀವು ಮೊದಲ ಗನ್ ಹಚ್ರಿ.”