ತೊಳೆಯುವ ಮೊದಲು ಒಂದು ಮಾತು

ಬ್ರಹ್ಮಕಲಶೋತ್ಸವದ ಬ್ಯಾಡ್ಜಾಗಲಿ, ಬಯಲಾಟದ ಬ್ಯಾನರಾಗಲಿ, ಶಾಲಾ ವಾರ್ಷಿಕೋತ್ಸವದ ಅಂಗಿಯಾಗಲಿ ಬೇಕಾದಾಗ ಪೆರ್ಲದವರ ಕಾಲು ತಾನಾಗಿ ಯಾರ ಜಗಲಿಯತ್ತ ತಿರುಗುವುದೋ, ಆ ಸ್ಕ್ರೀನ್ ಪ್ರಿಂಟಿಂಗಿನ ಮಹನೀಯರಿಗೆ ‘ಸ್ಕ್ರೀನಣ್ಣ’ ಎಂದು ಹೆಸರು. ಇಂಥವರು ಬದಿಯಡ್ಕದಲ್ಲಿಯೂ ಉಂಟು, ಪುತ್ತೂರಿನಲ್ಲಿಯೂ ಉಂಟು. ಬಲ್ಲದ್ದನ್ನು ಬೋಧಿಸುವ ಭರದಲ್ಲಿ ಮಾಡತಕ್ಕದ್ದನ್ನು ಮರೆಯುವ ಈ ಕುಲವನ್ನು 1956ರ ರಾಜ್ಯ ಪುನರ್ವಿಂಗಡಣೆಯು ಕೇರಳ-ಕರ್ನಾಟಕ ಗಡಿಯ ಎರಡು ಪಾರ್ಶ್ವಗಳಿಗೂ ಪಕ್ಷಪಾತವಿಲ್ಲದೆ ಹಂಚಿಕೊಟ್ಟಿತು.

“ನೀರಿನ ಇಂಕು ಅಂತ ನಂಬಿ ಕೂರ್ಬೇಡಿ ಮಾರಾಯ್ರೆ, ಒಣಗಿದ ಮೇಲೆ ಅದಕ್ಕೆ ನೀರಿನ ಗುರುತೇ ಇಲ್ಲ” ಎಂಬುದು ಅವರ ಉಪನ್ಯಾಸದ ನಾಂದಿ. ಬಣ್ಣದ ಹುಡಿಯನ್ನು ಬಟ್ಟೆಗೆ ಅಂಟಿಸುವ ಬೈಂಡರಿನ ಕಣಗಳು ಹಸಿಯಿರುವಷ್ಟು ಹೊತ್ತು ನೀರಿನಲ್ಲಿ ತೇಲಾಡುತ್ತಿದ್ದು, ನೀರು ಆರಿದೊಡನೆ ಪರಸ್ಪರ ಬೆಸೆದು ಪೊರೆಯಾಗುವುವೆಂಬುದನ್ನೂ, ಜಾಲರಿಯ ಕಣ್ಣುಗಳಲ್ಲಿ ಆ ಪೊರೆ ಕಟ್ಟಿತೆಂದರೆ ಕುಂಬಳೆ ಹೊಳೆಯನ್ನೇ ಹರಿಸಿದರೂ ಕದಲದೆಂಬುದನ್ನೂ, ಆದುದರಿಂದ ಕೊನೆಯ ಅಂಗಿ ಇಳಿದ ಕ್ಷಣವೇ ಉಳಿದ ಶಾಯಿಯನ್ನು ರಟ್ಟಿನ ತುಂಡಿನಿಂದ ಬಳಿದು ಡಬ್ಬಿಗೆ ಸೇರಿಸಿ, ಮೆತ್ತನೆಯ ಸ್ಪಂಜಿನಿಂದ ಎರಡೂ ಬದಿ ತಣ್ಣೀರಿನಲ್ಲಿ ತೊಳೆದು, ಬೆಳಕಿಗೆ ಹಿಡಿದು ಪರೀಕ್ಷಿಸತಕ್ಕದ್ದೆಂಬುದನ್ನೂ, 1907ರಲ್ಲಿ ಮ್ಯಾಂಚೆಸ್ಟರಿನ ಸ್ಯಾಮ್ಯುವೆಲ್ ಸೈಮನ್ನನು ರೇಷ್ಮೆಯ ಜಾಲರಿಯ ಮುದ್ರಣಕ್ಕೆ ಪೇಟೆಂಟು ಪಡೆದಲ್ಲಿಂದ ಮೊದಲುಗೊಂಡು ಅವರು ನಿರೂಪಿಸುತ್ತಾರೆ. ಸೈಮನ್ನನು ಮ್ಯಾಂಚೆಸ್ಟರ್ ಬಿಟ್ಟು ಪೆರ್ಲ ತಲಪುವುದಕ್ಕೆ ಮುಕ್ಕಾಲು ಗಂಟೆ ಬೇಕು. ಏಪ್ರಿಲಿನ ಸೆಕೆಯಲ್ಲಿ ಶಾಯಿ ಒಣಗುವುದಕ್ಕೆ ಅಷ್ಟು ಬೇಡ.

ನೀರಿಗೆ ಬಡತನವೆಂದು ಯಾರೂ ಭಾವಿಸಬಾರದು. ಮನೆಯ ಹಿಂದಿನ ಗುಡ್ಡದ ಮುರಕಲ್ಲಿನಲ್ಲಿ ಅಜ್ಜನ ಕಾಲದಲ್ಲಿ ಕೊರೆಸಿದ ಸುರಂಗದಿಂದ, ಪಂಪಿನ ಹಂಗಿಲ್ಲದೆ, ಅಡಕೆಮರದ ದಂಬೆಯಲ್ಲಿ ಹಗಲಿರುಳೂ ಹರಿದುಬರುವ ತಣ್ಣೀರು ಜಗಲಿಯಿಂದ ಹತ್ತೇ ಹೆಜ್ಜೆಯ ದೂರದಲ್ಲಿ ತೊಟ್ಟಿಗೆ ಬೀಳುತ್ತದೆ. ಆ ಹತ್ತು ಹೆಜ್ಜೆಯೇ ದೀರ್ಘವಾದದ್ದು.

ಹೋದ ವರ್ಷ ನಮ್ಮ ಉತ್ಸವದ ‘ಸ್ವಾಗತ ಸಮಿತಿ’ಯವರಿಗೆ 40 ಅಂಗಿ ಆಗಬೇಕೆಂದು ಹೋದವನು ನಾನೇ. 20 ಅಂಗಿ ಸೊಗಸಾಗಿ ಇಳಿದುವು. ಆಗ ಚಹಾ ಬಂತು, ಚಹಾದ ಹಿಂದೆ ಸೈಮನ್ನನೂ ಬಂದನು. ತಪ್ಪು ನನ್ನದೂ ಹೌದು. ಬೈಂಡರೆಂದರೆ ಏನೆಂದು ಕೇಳಬಾರದಿತ್ತು. ಪುನಃ ಕೆಲಸಕ್ಕೆ ತೊಡಗಿದಾಗ ಜಾಲರಿಯಲ್ಲಿ ಮೊದಲ ಅಕ್ಷರವೊಂದು ಪೂರ್ತಿ ಕಟ್ಟಿಹೋಗಿದ್ದುದನ್ನು ಕಾಣದೆ, ಅವರು ಶಾಯಿ ಎಳೆಯುವ ಸ್ಕ್ವೀಜಿಯನ್ನು ಹಿಡಿದು ಮಾತಿನ ಲಹರಿಯಲ್ಲಿಯೇ ಉಳಿದ 20ನ್ನೂ ಎಳೆದುಬಿಟ್ಟರು. ಹಗ್ಗದ ಮೇಲೆ ಸಾಲಾಗಿ ಒಣಗುತ್ತಿದ್ದ ಅಂಗಿಗಳ ಬೆನ್ನಿನಲ್ಲಿ ‘ಗತ ಸಮಿತಿ’ ಎಂದಿತ್ತು. ನಮ್ಮ ಸಮಿತಿಯ ಹಿರಿಯರ ಸರಾಸರಿ ವಯಸ್ಸನ್ನು ನೆನೆದು ನಾನು ನಗಲೂ ಆರದೆ ಹೋದೆನು.

ಸ್ಕ್ರೀನಣ್ಣನು ಧೃತಿಗೆಡಲಿಲ್ಲ. ಅಡಕೆಗೆ ಮದ್ದು ಬಿಡುವ ಪಂಪನ್ನು ತರಿಸಿ, ಜಾಲರಿಗೆ ಮೂಗು ತಾಗುವಷ್ಟು ಸನಿಹದಿಂದ ನೀರು ಚಿಮ್ಮಿಸಿದರು. ‘ಸ್ವಾ’ ಬಿಟ್ಟುಕೊಂಡಿತು, ಅದರ ಬೆನ್ನಿಗೇ ಅಕ್ಷರಗಳ ಅಚ್ಚಾಗಿದ್ದ ಎಮಲ್ಶನ್ನಿನ ಲೇಪವೂ ಕಿತ್ತುಬಂದು ‘ಗತ’ವೂ ಗತಿಸಿತು.

“ಪಂಪನ್ನು ಒಂದು ಮೊಳ ದೂರ ಹಿಡಿಯಬೇಕು, ಯಾಕೆ ಗೊತ್ತುಂಟಾ?” ಎಂದು ಅವರು ನನ್ನತ್ತ ತಿರುಗಿದರು.

“ಅಣ್ಣಾ, ಸ್ಕ್ವೀಜಿ ಒಣಗ್ತಾ ಉಂಟು” ಎಂದು ಒಳಗಿಂದ ಹುಡುಗ ಕೂಗಿದನು.

“ಈಗ ಬಂದೆ ಮಾರಾಯ, ಇವರಿಗೆ ಒಂದು ಮಾತು ಹೇಳಿ ಬರ್ತೇನೆ.”